ಬಾಗಿಲ ಮೇಲಿದ್ದ ಹಾಡಿನ ನಂಬರು

“ಒಂದು ನಂಬರಿನ ಹಠಕ್ಕೆ ಬಿದ್ದು ದೊಡ್ಡ ಕೆಲಸವೊಂದನ್ನು ಕೆಡಿಸಿದರು, ಆಮೇಲೆ ಆರೋಗ್ಯವನ್ನೂ ಕೆಡಿಸಿಕೊಂಡರು.” ನಮ್ಮ ಸರ್ ತೀರಿಕೊಂಡ ಮೇಲೆ ಬಸವನ ಬಾಗೇವಾಡಿಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ, ಅವರು ದುಡಿದಿದ್ದ ಟ್ರಸ್ಟಿನ ಅಧ್ಯಕ್ಷರು ಹೀಗೆ ಅಂದಾಗ ಮುಂದಿನ ಸಾಲಿನವರು ಹೌದು ಹೌದು ಎಂದು ತಲೆ ಆಡಿಸಿದರು. ಅವರ ನಂತರ ನಿವೃತ್ತ ಪ್ರಾಚಾರ್ಯರೊಬ್ಬರು ಎದ್ದು, “ದೇವರಂಥ ಮನುಷ್ಯ. ಯಾರಿಗೂ ಒಂದು ಎದುರು ಮಾತು ಆಡಿದವರಲ್ಲ” ಅಂದರು. ಅದಕ್ಕೂ ಅದೇ ಸಾಲು ತಲೆ ಆಡಿಸಿತು. ಯಾರಿಗೂ ಎದುರಾಡದ ಮನುಷ್ಯ ಹಠ ಹಿಡಿದದ್ದು ಯಾರ ಜೊತೆ ಅಂತ ಕೇಳುವವರು ಅಲ್ಲಿ ಇರಲಿಲ್ಲ. ಹಾರ ಹಾಕಿದ ಫೋಟೋದ ಮುಂದೆ ಅಂಥ ಪ್ರಶ್ನೆ ಕೇಳಬಾರದು ಅನ್ನುವಷ್ಟು ತಿಳಿವಳಿಕೆ ನನಗೂ ಇತ್ತು. ಸುಮ್ಮನೆ ಕೂತೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನನ್ನ ವಾದ ಇಷ್ಟೇ. ಅವರು ಹಠ ಹಿಡಿದದ್ದು ನಿಜ, ಆದರೆ ನಂಬರಿಗಾಗಿ ಅಲ್ಲ. ತನ್ನ ತಾಯಿಯ ದನಿ ತನಗೆ ಮರೆತುಹೋಗಿದೆ ಎಂದು ನಂಬಿಕೊಂಡ ಒಬ್ಬ ಹೆಣ್ಣುಮಗಳಿಗಾಗಿ. ಇನ್ನು ದೇವರಂಥ ಮನುಷ್ಯ ಅನ್ನುವುದು: ಆಕೆ ಹಾಗೆ ನಂಬುವಂತಾದದ್ದು ಅವರದೇ ತಪ್ಪಿನಿಂದ. ದೇವರಾಗಿದ್ದರೆ ಅದನ್ನು ಅಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ.

ಅವರನ್ನು ನಾನು ಮೊದಲು ನೋಡಿದ್ದು ಸಿಂದಗಿಯ ನಮ್ಮ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ. ಹಳ್ಳಿಗೆ ಕಂಪ್ಯೂಟರು ಬೇಕೆ ಬೇಡವೆ ಎಂಬುದು ವಿಷಯ, ನಾನು ಬೇಡ ಅನ್ನುವವಳು. ನಿರ್ಣಾಯಕರಾಗಿ ಇಂಡಿಯಿಂದ ಬಂದ ಗಣಿತದ ಮೇಷ್ಟ್ರು ಮೇಜಿನ ಮೇಲೆ ಕೈಯೂರಿ ಒಂದು ನಿಂಬೆಹಣ್ಣನ್ನು ಅಂಗೈಯಲ್ಲಿ ಹೊರಳಿಸುತ್ತಾ ಕೂತಿದ್ದರು. ನಾನು ಒಳ್ಳೇ ಭರದಲ್ಲಿ “ಈಗಾಗಲೇ ಮೇಲೆ ಹೇಳಿದಂತೆ” ಅಂದೆ. ಅವರು ಕೈ ಎತ್ತಿದರು.

“ಮ್ಯಾಲ ಅಂದ್ರ ಎಲ್ಲಿ?”

“ಆಗಲೇ ಹೇಳಿದೆನಲ್ಲ ಸರ್.”

“ಆಗಲೇ ಭಾಳ ಹೇಳೀರಿ. ಅದರಾಗ ಯಾವ್ದು?”

ಸಭೆ ನಕ್ಕಿತು. ಅವರು ನಗಲಿಲ್ಲ, ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದರು. ನನಗೆ ಎರಡನೇ ಬಹುಮಾನ ಬಂತು. ಸಭೆ ಮುಗಿದ ಮೇಲೆ ವೇದಿಕೆಯ ಹಿಂದೆ ಜಗಳಕ್ಕೇ ಹೋದೆ.

“ಸಿಟ್ಟಿಗೆ ಬಂದೀರೋ, ತಿಳ್ಕೊಳ್ಳಾಕ ಬಂದೀರೋ?”

“ಎರಡಕ್ಕೂ.”

“ಹಂಗಾರ ಇಂಡಿಗೆ ಬರ್ರಿ. ಅಲ್ಲೊಂದು ಕೆಲಸ ನಡದೈತಿ. ಅದರಾಗ ದಿನಾ ಇದ ಜಗಳ. ಯಾವ್ದು ಯಾವ್ದಕ್ಕ ಬಟ್ಟು ತೋರಸತೈತಿ ಅಂತ.”

ಇಂಡಿಯಲ್ಲಿ ನಿಂಬೆ ಸಗಟು ಅಂಗಡಿಯೊಂದರ ಮೇಲಿನ ಕೋಣೆ ಅವರ ಕಾರ್ಯಾಲಯ. ಕೆಳಗೆ ಹಣ್ಣು ಆರಿಸಿ ಚೀಲ ತುಂಬುವವರ ಮಾತು, ಮೇಲೆ ಎರಡು ಕಂಪ್ಯೂಟರಿನ ಗುಂಯ್ ಸದ್ದು. ಎಲ್ಲ ಕಾಗದಕ್ಕೂ ನಿಂಬೆ ವಾಸನೆ. ಬಾಗೇವಾಡಿಯ ಟ್ರಸ್ಟಿಗೆ ಅವರು ಮಾಡುತ್ತಿದ್ದ ಕೆಲಸ ಇದು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ತಾಲ್ಲೂಕಿನ ಹೆಣ್ಣುಮಕ್ಕಳು ಹಾಡುವ ಬೀಸುವ ಪದ, ಸೋಬಾನೆ, ಜೋಗುಳಗಳನ್ನು ಕ್ಯಾಸೆಟ್ಟಿನಲ್ಲಿ ಹಿಡಿದು, ಬರೆದು, ಸಿ.ಡಿ. ಮಾಡುವುದು. ಆಲಮಟ್ಟಿಯ ಹಿನ್ನೀರು ಏರುತ್ತಿದ್ದ ವರ್ಷಗಳು ಅವು. ಹೊಳೆದಂಡೆಯ ಊರುಗಳು ಚದುರುವ ಮೊದಲೇ ಹಾಡುಗಳು ಸಿಗಬೇಕು ಅನ್ನುವ ಅವಸರವಿತ್ತು.

ಮೊದಲ ದಿನ ನಾನು ಕಿಟಕಿಯ ಪಕ್ಕ ಕೂತೆ. ಅವತ್ತಿನಿಂದ ನನ್ನ ಹೆಸರು ‘ಕಿಡಕಿ’. ನನ್ನ ಜೊತೆ ಟೈಪು ಮಾಡುತ್ತಿದ್ದ ಹುಡುಗಿ ‘ಕಪಾಟು’, ಯಾಕೆಂದರೆ ಅವಳು ಮೊದಲ ದಿನ ಕಪಾಟಿಗೆ ಬೆನ್ನು ಕೊಟ್ಟು ಕೂತಿದ್ದಳು. ಬಿಸಿಲು ತಡೆಯಲಾರದೆ ನಾನು ಬಾಗಿಲ ಹತ್ತಿರ ಜಾಗ ಬದಲಿಸಿದೆ. ಹೆಸರು ಬದಲಾಗಲಿಲ್ಲ.

“ನಾನೀಗ ಬಾಗಿಲ ಹತ್ರ ಕೂತೀನಲ್ಲ ಸರ್. ನಿಮ್ಮ ಲೆಕ್ಕ ತಪ್ಪಾತಲ್ಲ?”

“ನೀ ಎಲ್ಲಿ ಕುಂತರೂ ಕಿಡಕಿನ. ಕುಂತಲ್ಲೆಲ್ಲಾ ಹೆಸರು ಬದಲಿ ಮಾಡಿದ್ರ ನಾಳೆ ನಿನ್ನ ಕರಿಯೂದು ಹ್ಯಾಂಗ?”

ಊರಿನ ಜನ ದಾರಿ ಹೇಳುವ ರೀತಿಯೆಂದರೆ ಅವರಿಗೆ ಪ್ರಾಣ. ನಮ್ಮ ಕಾರ್ಯಾಲಯದ ವಿಳಾಸ ಕೇಳಿದವರಿಗೆ ಎಲ್ಲರೂ “ಹಳೇ ಟಾಕೀಜ್ ಹಿಂದ” ಅನ್ನುತ್ತಿದ್ದರು. ಆ ಟಾಕೀಜು ಕೆಡವಿ ಎಷ್ಟೋ ಕಾಲವಾಗಿತ್ತು. ಆದರೂ ಜನ ಸರಿಯಾಗಿ ಬಂದು ತಲುಪುತ್ತಿದ್ದರು. “ಇಲ್ಲದ ಟಾಕೀಜು ದಾರಿ ತೋರಸತೈತಿ ನೋಡ್ರಿ” ಎಂದು ಮೆಟ್ಟಿಲು ಹತ್ತಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಇಷ್ಟು ಚೆನ್ನಾಗಿ ಗೊತ್ತಿದ್ದ ಮನುಷ್ಯ ತನ್ನ ಕೆಲಸದಲ್ಲಿ ಅದನ್ನೇ ಹೇಗೆ ಮರೆತರು ಅನ್ನುವುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

ಕೆಲಸದ ಸ್ವರೂಪವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ತಪ್ಪು ಏನೆಂದು ತಿಳಿಯುವುದಿಲ್ಲ. ಎಲ್ಲ ಹಾಡುಗಳೂ ಒಂದೇ ದೊಡ್ಡ ಫೈಲಿನಲ್ಲಿದ್ದವು: ಇದು ಊರು, ಇದು ಹಾಡು, ಇದು ಹಾಡಿದಾಕೆ ಎಂದು ಗುರುತು ಹಚ್ಚಿದ ಬರಿಯ ಅಕ್ಷರ. ಅದರ ಜೊತೆಗೆ ಸ್ಟೈಲ್‌ಶೀಟ್ ಅನ್ನುವ ಇನ್ನೊಂದು ಫೈಲು. ಎಕ್ಸ್‌ಎಸ್‌ಎಲ್‌ಟಿ ಅನ್ನುವ ಭಾಷೆಯಲ್ಲಿ ಬರೆದ ಆಜ್ಞೆಗಳು ಅವು. ಓಡಿಸಿದರೆ ದೊಡ್ಡ ಫೈಲನ್ನು ಓದಿ ಹಾಡಿಗೊಂದು ಪುಟ ಮಾಡುತ್ತದೆ. ಈ ಹಾಡನ್ನು ಇನ್ಯಾರು ಹಾಡಿದ್ದಾರೆ, ಆಕೆ ಮತ್ತೇನು ಹಾಡಿದ್ದಾಳೆ ಎಂದು ಪುಟದಿಂದ ಪುಟಕ್ಕೆ ಕೊಂಡಿ ಹಾಕುತ್ತದೆ. ಕೊಂಡಿ ಹಾಕಬೇಕಾದರೆ ಪ್ರತಿ ಹಾಡಿಗೂ ಒಂದು ಗುರುತು ಬೇಕು. ಯಂತ್ರವೇ ಗುರುತು ಹುಟ್ಟಿಸುವ ಒಂದು ಆಜ್ಞೆ ಅದರಲ್ಲಿದೆ. ಅದು ಹುಟ್ಟಿಸುವ ಗುರುತು ಆ ಒಂದು ಓಟಕ್ಕೆ ಮಾತ್ರ ಸರಿ. ಮುಂದಿನ ಓಟದಲ್ಲಿ ಅದೇ ಇರುತ್ತದೆಂಬ ಭರವಸೆ ಇಲ್ಲ. ಸರ್ ಅದನ್ನು ಬೇಗ ಕಂಡುಹಿಡಿದು ಬಿಟ್ಟುಬಿಟ್ಟರು.

ಅದರ ಬದಲು ಅವರು ಆರಿಸಿಕೊಂಡದ್ದು ಸರದಿ. ತಾಲ್ಲೂಕು, ಅದರೊಳಗೆ ಊರು, ಊರಿನೊಳಗೆ ಹಾಡು, ಒಂದೇ ಹಾಡನ್ನು ಹಲವರು ಹಾಡಿದ್ದರೆ ಒಬ್ಬರ ಪಕ್ಕ ಒಬ್ಬರು. ಹೀಗೆ ಜೋಡಿಸಿ ಮೊದಲಿನಿಂದ ಎಣಿಸಿ ನಂಬರು. ಪ್ರತಿ ಸಲ ಓಡಿಸಿದಾಗಲೂ ಸ್ಟೈಲ್‌ಶೀಟೇ ಎಣಿಸುತ್ತದೆ, ಪ್ರತಿ ಸಲವೂ ಅದೇ ನಂಬರು ಬರುತ್ತದೆ. ನಾವು ಹತ್ತಾರು ಸಲ ಓಡಿಸಿ ನೋಡಿದೆವು, ಕದಲಲಿಲ್ಲ. ಹಾಡುಗಳು ಸೇರುವುದು ಮುಗಿದಿದೆ, ಊರುಗಳು ಎಲ್ಲಿದ್ದವೋ ಅಲ್ಲೇ ಇವೆ ಎಂಬ ನಂಬಿಕೆಯ ಮೇಲೆ ನಿಂತ ಲೆಕ್ಕ ಅದು. ಮುಳುಗುವ ಊರುಗಳ ಹಾಡಿಗೆ ಈ ನಂಬಿಕೆ! ನಮ್ಮ ಕಡೆಯವರು ಮಾತ್ರ ಮಾಡಬಹುದಾದ ತಪ್ಪು. ನೀರು ಬರುತ್ತದೆ ಎಂದು ಎಲ್ಲರಿಗೂ ಗೊತ್ತು, ಊರು ಹೋಗುತ್ತದೆ ಎಂದು ಯಾರ ಹೊಟ್ಟೆಗೂ ಇಳಿದಿರಲಿಲ್ಲ.

ಆ ನಂಬಿಕೆಯಲ್ಲೇ ಅವರು ಇನ್ನೂ ಎರಡು ಕೆಲಸ ಮಾಡಿದರು. ಕ್ಯಾಸೆಟ್ಟಿನಲ್ಲಿ ಪ್ರತಿ ಹಾಡಿನ ಮೊದಲು “ನಾನು ಇಂಥಾಕಿ, ಇಂಥಾ ಊರಾಕಿ” ಎಂದು ಹಾಡುವವರೇ ಹೇಳಿದ್ದರು. ಸಿ.ಡಿ.ಯಲ್ಲಿ ಜಾಗ ಉಳಿಸಲು ಅದನ್ನು ಕತ್ತರಿಸಿದರು. “ಹೆಸರು ನಂಬರಿನ ಜೋಡಿ ಐತಿ. ಮತ್ತ ದನಿಯಾಗ ಯಾಕ?” ಎರಡನೆಯದು, ಹಾಡಿದವರ ಮನೆಮನೆಗೆ ಹೋಗಿ ನಂಬರು ಹೇಳಿ ಬಂದರು. “ಇದು ನಿಮ್ಮ ಹಾಡಿನ ನಂಬರು. ಸಿ.ಡಿ. ಬಂದ ಮ್ಯಾಲ ಯಾವ ಊರಿನ ಲೈಬ್ರರಿಯಾಗ ಹೋಗಿ ಹೇಳಿದ್ರೂ ನಿಮ್ಮ ದನಿ ಕೇಳಸತೈತಿ.” ಇದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು. ಹಬ್ಬಕ್ಕೆ ಬಟ್ಟೆ ತಂದವರ ಮುಖ ಅದು.

ಆಮೇಲೆ ನೀರು ಬಂತು. ಸಿ.ಡಿ. ಅಚ್ಚಾಗುವ ಮೊದಲು ಇನ್ನೊಂದಿಷ್ಟು ಹಾಡು ಸೇರಿಸಬೇಕೆಂದು ಟ್ರಸ್ಟು ತೀರ್ಮಾನಿಸಿತು. ಕ್ಯಾಸೆಟ್ಟು ಸಾಲದೆ ಹಳೆಯವುಗಳ ಮೇಲೆಯೇ ಹೊಸ ಹಾಡು ಹಿಡಿದೆವು; ಹಾಡು ಹೇಗೂ ಕಂಪ್ಯೂಟರಿಗೆ ಇಳಿದಿತ್ತಲ್ಲ. ಊರುಗಳನ್ನು ಹೊಸ ಪುನರ್ವಸತಿ ಕೇಂದ್ರಗಳ ಪ್ರಕಾರ ಮತ್ತೆ ಜೋಡಿಸಿದೆವು. ಸ್ಟೈಲ್‌ಶೀಟು ತನ್ನ ಕರ್ತವ್ಯ ಮಾಡಿತು: ಮೊದಲಿನಿಂದ ಎಣಿಸಿತು. ಎಲ್ಲ ನಂಬರೂ ಸರಿದವು. ದನಿಯ ಫೈಲುಗಳಿಗೂ ಹೊಸ ನಂಬರು ಹಾಕುವ ಆಜ್ಞೆ ಅರ್ಧ ಓಡಿದಾಗ ಕರೆಂಟು ಹೋಯಿತು. ಬಂದ ಮೇಲೆ ಸರ್ ಮತ್ತೆ ಮೊದಲಿನಿಂದ ಓಡಿಸಿದರು. ಅರ್ಧ ದನಿಗಳು ಒಂದು ಸಲ ಸರಿದವು, ಇನ್ನರ್ಧ ಎರಡು ಸಲ, ಯಾವುದು ಯಾವ ಅರ್ಧದ್ದೆಂದು ಗುರುತೇ ಉಳಿಯದಂತೆ. ಪರದೆಯ ಮೇಲೆ ಎಲ್ಲವೂ ನೆಟ್ಟಗೆ ಕಾಣುತ್ತಿತ್ತು. ಸಿ.ಡಿ. ಬಿಡುಗಡೆಯಾಯಿತು, ಶಾಲು ಹೊದಿಸಿದರು, ನಾಲ್ಕೂ ತಾಲ್ಲೂಕಿನ ಲೈಬ್ರರಿಗಳಿಗೆ ಹೋಯಿತು.

ಶಾಂತವ್ವನ ಮನೆಗೆ ನಾವು ಹೋದದ್ದು ಅದಾದ ಮೇಲೆ, ಸುಮ್ಮನೆ. ಮುದ್ದೇಬಿಹಾಳದ ಕಡೆಯ ಒಂದು ಪುನರ್ವಸತಿ ಕೇಂದ್ರದಲ್ಲಿ ಆಕೆಯ ಮನೆ. ಆಕೆಯ ತಾಯಿ ನೀಲವ್ವ ನಮಗೆ ಹಾಡಿದವಳು, ಹೊಸ ಮನೆಗೆ ಬಂದು ಸ್ವಲ್ಪ ದಿನಕ್ಕೇ ತೀರಿಕೊಂಡಿದ್ದಳು. ಮಾತಾಡಿಸಿ ಬರೋಣ ಅಂದರು ಸರ್.

ಕೇಂದ್ರದ ಮನೆಗಳೆಲ್ಲ ಸಣ್ಣ ಸಣ್ಣ ಸಿಮೆಂಟಿನ ಗೋಡೆ. ಬಾಗಿಲು ಮಾತ್ರ ದೊಡ್ಡ ದೊಡ್ಡ ಸಾಗವಾನಿಯವು. ಊರು ಬಿಡುವಾಗ ಜನ ಚೌಕಟ್ಟು ಸಮೇತ ಬಾಗಿಲು ಕಿತ್ತು ತಂದಿದ್ದರು. ಮುಳುಗಡೆಯ ಸರ್ವೆಯವರು ಕೆಂಪು ಬಣ್ಣದಲ್ಲಿ ಬರೆದ ಹಳೆಯ ಮನೆ ನಂಬರು ಚೌಕಟ್ಟಿನ ಮೇಲೆ ಹಾಗೇ ಇತ್ತು. ಪಕ್ಕಪಕ್ಕದ ಮನೆಗಳ ನಂಬರು ಯಾವುದೂ ಸಾಲಾಗಿರಲಿಲ್ಲ. ಎಲ್ಲೆಲ್ಲಿಯವೋ ಬಂದು ನಿಂತಿದ್ದವು. ಶಾಂತವ್ವನ ಬಾಗಿಲ ಮೇಲೆ ಮನೆ ನಂಬರಿನ ಕೆಳಗೆ ಇನ್ನೊಂದು ಇತ್ತು, ಹೊಸ ಬಣ್ಣದಲ್ಲಿ: ಇನ್ನೂರ ಹದಿನಾಲ್ಕು.

“ಇದೇನವ್ವ ಇದು?”

“ನೀವ ಕೊಟ್ಟಿದ್ರಲ್ರಿ ಸರ್. ನಮ್ಮವ್ವನ ಹಾಡಿಂದು. ನಮ್ಮಣ್ಣ ಬರದಾನ. ಬಾಗಿಲ ಮ್ಯಾಲ ನಂಬರ ಬರದ ಮ್ಯಾಲ ಮನಿಗೆ ಮನಿ ಕೊಟ್ರು, ಅವ್ವಂದೂ ಬರದಿಡೂಣು, ಆಕಿ ಎಲ್ಲೂ ಹೋಗೂದಿಲ್ಲ ಅಂದ.”

ಸರ್ ಆ ನಂಬರನ್ನು ಬೆರಳಿಂದ ಮುಟ್ಟಿ ನೋಡಿದರು. ಖುಷಿಯಾಗಿದ್ದರು. ಒಳಗೆ ಕೂತು ಚಹಾ ಬಂದ ಮೇಲೆ ಕೇಳಿದರು:

“ಮುದ್ದೇಬಿಹಾಳಕ್ಕ ಹೋಗಿ ಕೇಳಿದ್ರೇನು, ಅವ್ವನ ಹಾಡು?”

“ಕೇಳೀನ್ರಿ.” ಆಕೆ ಸೆರಗು ಎಳೆದುಕೊಂಡಳು. “ಸರ್, ಒಂದು ಮಾತು ಹೇಳ್ತೇನಿ, ನಗಬ್ಯಾಡ್ರಿ. ನಮ್ಮವ್ವನ ದನಿ ನನಗ ಮರ್ತಹೋಗೈತ್ರಿ.”

“ಹಂಗಂದ್ರ?”

“ಲೈಬ್ರರಿಯಾಗ ನಂಬರ ಹೇಳಿದ್ನಿ, ಹಚ್ಚಿದ್ರು. ಇದು ನಮ್ಮವ್ವ ಅಲ್ರಿ ಅಂದ್ನಿ. ಅಲ್ಲಿದ್ದಂವ ಕೇಳಿದ, ನಂಬರ ಇದ ಹೌದಲ್ಲೊ? ಹೌದ್ರಿ. ಹಾಡು ಇದ ಹೌದಲ್ಲೊ? ಹಾಡೂ ಇದರಿ. ಮತ್ತ ದನಿ ಹ್ಯಾಂಗ ಬ್ಯಾರೆ ಆಗತೈತವ್ವ, ಕಂಪ್ಯೂಟರ ಸುಳ್ಳ ಹೇಳತೈತೇನು, ನಿನಗ ಮರ್ತೈತಿ ಅಂದ. ಖರೇನ ಅಲ್ಲೇನ್ರಿ? ಅವ್ವ ಹೋಗಿ ಇನ್ನಾ ವರ್ಷ ಆಗಿಲ್ಲ. ಹೊಟ್ಯಾಗ ಹುಟ್ಟಿದಾಕಿ ನಾನು, ದನಿ ಮರ್ತ ಕುಂತೇನಿ.”

ಆಕೆಯೇ ಮುಂದುವರಿಸಿದಳು.

“ಮತ್ತೂ ಹೋಗಿದ್ನಿರಿ, ಸಂತಿಗೆ ಹೋದಾಗೊಮ್ಮೆ. ಕೇಳಿ ಕೇಳಿ ರೂಢಿ ಮಾಡ್ಕೊಂಡೇನಿ. ಈಗ ಅದ ನಮ್ಮವ್ವನ ದನಿ ಅನಸತೈತಿ.”

ಸರ್ ಚಹಾದ ಬಸಿಯನ್ನು ಕೆಳಗಿಟ್ಟರು. ಅದರಲ್ಲಿದ್ದದ್ದು ಹಾಗೇ ಉಳಿಯಿತು. “ಶಾಂತವ್ವ, ನಿನಗ ಮರ್ತಿಲ್ಲ. ತಪ್ಪು ನಂದು” ಅಂದರು. ಆಕೆ ಒಪ್ಪಲಿಲ್ಲ. “ನೀವ್ಯಾಕ ತಪ್ಪ ಮಾಡ್ತೀರಿ ಬಿಡ್ರಿ” ಎಂದು ಅವರನ್ನೇ ಸಮಾಧಾನ ಮಾಡಿದಳು.

ನಿಡಗುಂದಿಯಲ್ಲಿ ಬಸ್ಸು ಬದಲಿಸಲು ಇಳಿದೆವು. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಸರ್ ಅಂದರು, “ಕೊಂಡಿ ಮುರದಿದ್ರ ಚೊಲೊ ಇತ್ತು, ಕಿಡಕಿ. ಮುರದ ಕೊಂಡಿ ಏನೂ ಸಿಗಲಿಲ್ಲ ಅಂತ ಹೇಳಿ ಸುಮ್ಮನಾಗತಿತ್ತು. ಇದು ಸಿಕ್ಕೈತಿ ಅಂತ ಹೇಳಿತು.” ಬಸ್ಸು ಬರುವ ದಾರಿ ನೋಡುತ್ತಾ, “ಆ ಬಾಗಿಲ ನೋಡಿದೇನು? ಊರು ಮುಳಗಿತು, ಸಾಲು ಕೆಟ್ಟಿತು. ನಂಬರ ಬಾಗಿಲಿನ ಜೋಡಿ ಬಂತು. ನಾ ನಂಬರ ಬಾಗಿಲಿಗೆ ಬರೀಲಿಲ್ಲ. ಸಾಲಿನಾಗ ಎಷ್ಟನೇದು ಅಂತ ದಿನಾ ಎಣಿಸಿದ್ನಿ.”

ಅಲ್ಲಿಂದ ಶುರುವಾದದ್ದನ್ನೇ ಸಭೆಯಲ್ಲಿ ಹಠ ಅಂದರು. ಲೈಬ್ರರಿಗಳಲ್ಲಿರುವ ಸಿ.ಡಿ.ಗಳನ್ನೆಲ್ಲ ವಾಪಸ್ಸು ತರಿಸಿ, ತಪ್ಪಾಗಿದೆ ಎಂದು ಹಾಡಿದವರ ಮನೆಗಳಿಗೆ ಹೋಗಿ ಹೇಳಬೇಕು ಎಂದು ಸರ್ ಕೇಳಿದರು. ಬಾಗೇವಾಡಿಯ ಆ ಮಾತುಕತೆಯಲ್ಲಿ ನಾನಿದ್ದೆ.

“ಒಬ್ಬಾಕಿ ಸಲುವಾಗಿ ಇಷ್ಟೆಲ್ಲಾ ಮಾಡೂದೇನ್ರಿ ಮಾಸ್ತರ?” ಅಂದರು ಅಧ್ಯಕ್ಷರು.

“ಒಬ್ಬಾಕಿ ಹೇಳಿದ್ಲು ಸಾಹೇಬ್ರ. ಉಳದವರು ಹೇಳಿಲ್ಲ, ಅಷ್ಟ.”

“ಬೀಸೂ ಪದಕ್ಕ ಮಾಲಕರು ಯಾರ್ರಿ? ಆಕಿ ಹಾಡಿದ್ದನ್ನ ಈಕಿ ಹಾಡ್ತಾಳ. ಯಾರ ದನಿ ಇದ್ರೇನು, ಹಾಡು ಉಳದೈತಲ್ಲ!”

ಒಪ್ಪಬೇಕು, ಇದು ಪೊಳ್ಳು ವಾದವಲ್ಲ. ವೇದಿಕೆಯ ಮೇಲೆ ನನಗೆ ಈ ಪಕ್ಷ ಸಿಕ್ಕಿದ್ದರೆ ನಾನೇ ಗೆಲ್ಲಿಸುತ್ತಿದ್ದೆ. ಆದರೆ ಸರ್ ಹೇಳಿದ್ದು ವಾದವೇ ಅಲ್ಲ. “ಹಾಡು ಊರಿಂದು ಹೌದು. ದನಿ ಆಕಿ ಅವ್ವಂದು” ಅಂದರು, ಅಷ್ಟೇ. ಅಧ್ಯಕ್ಷರು ಸಿಟ್ಟಾದರು, ಇವರು ಟ್ರಸ್ಟಿನ ಕೆಲಸ ಬಿಟ್ಟು ಬಂದರು. ಮುಂದಿನ ಸಂಪುಟವೂ ನಿಂತುಹೋಯಿತು. ಹೀಗಾಗಿ ‘ಕೆಡಿಸಿದರು’ ಅನ್ನುವ ಮಾತು.

ಇಂಡಿಯ ಆ ಕೋಣೆಯೂ ಟ್ರಸ್ಟಿನದು. ಹಾಗಾಗಿ ಮನೆಯ ಪಡಸಾಲೆಯಲ್ಲಿ ಹಳೆಯ ಕಂಪ್ಯೂಟರೊಂದನ್ನು ಇಟ್ಟುಕೊಂಡು ಮೊದಲಿನಿಂದ ಶುರು ಮಾಡಿದರು. ಹೊಸದೊಂದು ಸ್ಟೈಲ್‌ಶೀಟು ಬರೆದರು, ತೀರ ಸಣ್ಣದು. ಪುಟ ಮಾಡುವುದು ಅದರ ಕೆಲಸವಲ್ಲ. ದೊಡ್ಡ ಫೈಲನ್ನು ಇದ್ದ ಹಾಗೇ ನಕಲು ಮಾಡುತ್ತದೆ. ಗುರುತಿಲ್ಲದ ಹಾಡು ಕಂಡರೆ ಮಾತ್ರ ಇದುವರೆಗೆ ಯಾರಿಗೂ ಕೊಡದ ಒಂದು ಗುರುತನ್ನು ಅದರ ಮೈಮೇಲೆ ಬರೆದಿಡುತ್ತದೆ. “ಇದ್ದದ್ದನ್ನ ಮುಟ್ಟಬ್ಯಾಡ. ಇಲ್ಲದ್ದಕ್ಕ ಕೊಡು. ಅಳಿಸಿದ್ದನ್ನ ಮತ್ತ ಯಾರಿಗೂ ಕೊಡಬ್ಯಾಡ.” ಇದನ್ನು ನನಗೆ ವಿವರಿಸಿದಾಗ ನಾನು, “ನನಗ ಕಿಡಕಿ ಅಂತ ಇಟ್ಟಂಗ” ಅಂದೆ. ಬಹಳ ದಿನದ ಮೇಲೆ ನಕ್ಕರು. “ನಿನಗ ಸರಿ ಇಟ್ಟಿದ್ನಿ ನೋಡು. ಹಾಡಿಗೆ ಯಾಕ ಹೊಳೀಲಿಲ್ಲೊ.”

ಆಮೇಲೆ ದನಿಗಳನ್ನು ಒಂದೊಂದಾಗಿ ಕೇಳಿ, ಬರೆದಿಟ್ಟ ಪದಗಳ ಜೊತೆ ಹೋಲಿಸಿ ಯಾರದೆಂದು ಹಚ್ಚುವ ಕೆಲಸ. ಸರ್ ಕಾಲೇಜಿನ ಪಾಠ ಮುಗಿಸಿ ಬಂದು ಕಿವಿಗೆ ಹೆಡ್‌ಫೋನು ಏರಿಸಿದರೆ ಮನೆಯವರು ಕರೆದದ್ದೂ ಕೇಳಿಸುತ್ತಿರಲಿಲ್ಲ. ಕಾಲು ಬಾತವು, ಸಕ್ಕರೆ ಕಾಯಿಲೆ ಏರಿತು, ಸರಿಯಾಗಿ ಗುಳಿಗೆ ನುಂಗಲಿಲ್ಲ. ಅಧ್ಯಕ್ಷರ ಮಾತಿನ ದ್ವಿತೀಯಾರ್ಧವನ್ನು ನಾನು ಅಲ್ಲಗಳೆಯುವುದಿಲ್ಲ. ಪದದಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಸಾಕು, ದನಿ ತನ್ನ ಮನೆಗೆ ಹೋಗುತ್ತಿತ್ತು. ಹೀಗೆ ಬಹುತೇಕ ಎಲ್ಲವೂ ಹೋದವು. ಶಾಂತವ್ವ ಲೈಬ್ರರಿಯಲ್ಲಿ ಕೇಳಿದ್ದು ಅದೇ ಪದ ಹಾಡಿ ಈಗ ಇನ್ನೂರ ಹದಿನಾಲ್ಕಕ್ಕೆ ಬಂದು ಕೂತಿದ್ದ ಬೇರೊಂದು ಓಣಿಯವಳ ದನಿ ಎಂದು ಗೊತ್ತಾಯಿತು. ಬೇರೆ ನಂಬರಿಗೆ ಸರಿದಿದ್ದ ನೀಲವ್ವನ ಹೆಸರಿನ ಪುಟದಲ್ಲಿ ಕೇಳುತ್ತಿದ್ದದ್ದಂತೂ ಯಾವುದೋ ಜೋಗುಳ.

ಕೊನೆಗೆ ಎರಡು ದನಿ ಉಳಿದವು. ನೀಲವ್ವ ಮತ್ತು ಅವಳ ನೆಗೆಣ್ಣಿ, ಅಂದರೆ ಗಂಡನ ತಮ್ಮನ ಹೆಂಡತಿ. ಇಬ್ಬರಿಗೂ ಆ ಪದ ಕಲಿಸಿದ್ದು ಒಬ್ಬಳೇ ಅತ್ತೆ. ಒಂದೇ ಬೀಸುಕಲ್ಲಿನ ಮುಂದೆ ಎದುರಾಬದುರು ಕೂತು ಕಲಿತವರು. ಪದ ಒಂದೇ ಆದ್ದರಿಂದ ಸರ್ ಆಗ ನೆಗೆಣ್ಣಿಯ ಹಾಡನ್ನು ಬರೆಸಿರಲಿಲ್ಲ. ಅಲ್ಲಿ ‘ನೋಡಿ: ನೀಲವ್ವ’ ಎಂದು ಕೊಂಡಿ ಹಾಕಿ ಬಿಟ್ಟಿದ್ದರು. ಮಕ್ಕಳಿಲ್ಲದ ಆ ನೆಗೆಣ್ಣಿ ಚಡಚಣದ ತವರಿಗೆ ಹೋಗಿ ಅಲ್ಲೇ ತೀರಿಕೊಂಡಿದ್ದಳು. ಎರಡೂ ದನಿಯನ್ನು ಶಾಂತವ್ವನ ಅಣ್ಣನಿಗೆ ಕೇಳಿಸಿದೆವು, ಮೊದಲಿನದು ಅಂದ. ಆಕೆಯ ದೊಡ್ಡವ್ವನಿಗೆ, ಅಂದರೆ ನೀಲವ್ವನ ಅಕ್ಕನಿಗೆ ಕೇಳಿಸಿದೆವು, ಎರಡನೆಯದು ಅಂದಳು, ಆಮೇಲೆ ಮೊದಲಿನದೇ ಇರಬಹುದು ಅಂದಳು. ಶಾಂತವ್ವ ಕೇಳಲಿಕ್ಕೇ ಒಪ್ಪಲಿಲ್ಲ.

“ನನ್ನ ಕಿವಿ ಕೆಟ್ಟೈತ್ರಿ ಸರ್. ನೀವ ಹೇಳ್ರಿ, ಅದನ್ನ ನಮ್ಮವ್ವಂದು ಅಂತೇನಿ.”

ಸರ್ ಹೇಳಲಿಲ್ಲ. ಆ ಎರಡೂ ದನಿಗೆ ಎಂದೂ ಬದಲಾಗದ ಗುರುತು ಸಿಕ್ಕಿತು. ಹಾಡಿದವರ ಹೆಸರಿನ ಜಾಗ ಖಾಲಿ ಉಳಿಯಿತು.

ಇದರ ಮೇಲೆ ನಮ್ಮಿಬ್ಬರಿಗೂ ದೊಡ್ಡ ಜಗಳವಾಯಿತು. ಆಗ ಅವರು ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದರು. ನಾನು ಬಾಗಿಲಲ್ಲಿ ಕಂಡ ಕೂಡಲೇ, “ಬಂತೇನು ಕಿಡಕಿ” ಎಂದು ಎದ್ದು ಕೂರಲು ನೋಡಿದರು. ಮುಖ ಇಳಿದಿತ್ತು, ಕೈ ಖಾಲಿ, ನಿಂಬೆಹಣ್ಣು ಇರಲಿಲ್ಲ. ರೋಗಿಯ ಮುಂದೆ ವಾದ ಮಾಡಬಾರದೆಂದು ನಿರ್ಧರಿಸಿಕೊಂಡು ಹೋಗಿದ್ದೆ. ಅವರೇ ಶಾಂತವ್ವನ ಮಾತು ತೆಗೆದರು.

“ನೀವು ಹೇಳಿಬಿಡ್ರಿ ಸರ್. ಎರಡರಾಗ ಒಂದು. ಅರ್ಧಕ್ಕರ್ಧ ಸರಿ ಇರೋ ಸಂಭವ ಐತಿ. ಆಕಿಗೆ ಏನೂ ಇಲ್ಲದ್ದಕ್ಕಿಂತ ಅದು ಚೊಲೊ ಅಲ್ಲ?”

“ನಾ ಹೇಳಿದ್ರ ಆಕಿ ನಂಬ್ತಾಳ, ಕಿಡಕಿ. ಅದ ನನಗ ಅಂಜಿಕಿ. ಒಮ್ಮಿ ನನ್ನ ನಂಬರ ನಂಬಿ ತನ್ನ ಕಿವಿ ಬಿಟ್ಟಾಳ.”

“ಹಂಗಾರ ತಾಯಿ ದನಿ ಇದ್ದೂ ಇಲ್ಲದಂಗ ಇರ್ಲೇನು? ಇದು ಪ್ರಾಮಾಣಿಕತನಾನೋ, ಮತ್ತ ತಪ್ಪು ಹೇಳಿ ಸಿಗಬಾರದು ಅನ್ನೋ ಅಂಜಿಕಿನೋ?”

ಅವರು ಸಲೈನ್ ಹನಿಯುವುದನ್ನೇ ನೋಡುತ್ತಿದ್ದರು. “ಎರಡೂ ಇರಬೇಕು” ಅಂದರು.

“ನಿಮಗ ಯಾವ್ದು ಅನಸತೈತಿ ಸರ್? ಆಕಿಗಲ್ಲ, ನನಗ ಹೇಳ್ರಿ. ಅಷ್ಟು ಸಲ ಕೇಳೀರಿ.”

ಅವರು ಹೇಳಿದರು. ಎರಡರಲ್ಲಿ ಯಾವುದೆಂದು ಹೇಳಿದರು, ಯಾಕೆಂದೂ ಹೇಳಿದರು: ಸಾಲಿನ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವಾಗ ಆ ದನಿ ಒಂಚೂರು ನಿಲ್ಲುತ್ತದೆ, ಮಾತಾಡುವಾಗ ಶಾಂತವ್ವನೂ ಹಾಗೇ ನಿಲ್ಲಿಸುತ್ತಾಳಂತೆ. ಹೇಳಿದ ಮರುಗಳಿಗೆಗೆ ಹಾಸಿಗೆಯ ಅಂಚು ಹಿಡಿದುಕೊಂಡು ನನ್ನ ಕಡೆ ತಿರುಗಿದರು. “ಇದು ನನ್ನ ಅನಿಸಿಕಿ ಅಷ್ಟ. ಆಕಿ ಮುಂದ ಹೇಳಬ್ಯಾಡ. ಆಕಿ ತಾನ ಕೇಳಬೇಕು, ತಾನ ಹೇಳಬೇಕು.” ನಾನು ಆಗಲಿ ಅಂದೆ. ಜೀವನದಲ್ಲಿ ಅವರ ಮೇಲೆ ನಾನು ಗೆದ್ದ ಒಂದೇ ವಾದ ಅದು. ಯಾಕೆ ಗೆದ್ದೆನೋ ಎಂದು ಈಗ ಅನಿಸುತ್ತದೆ. ಮುಂದಿನ ವಾರ ಅವರು ಹೋದರು.

ಬಾಗೇವಾಡಿಯ ಸಭೆ ಮುಗಿಸಿಕೊಂಡು ನಾನು ಸಿಂದಗಿಗೆ ವಾಪಸ್ಸಾಗಲಿಲ್ಲ. ಎರಡೂ ದನಿಯನ್ನು ಒಂದು ಕ್ಯಾಸೆಟ್ಟಿಗೆ ಇಳಿಸಿ ಇಟ್ಟುಕೊಂಡಿದ್ದೆ. ಸಣ್ಣ ಟೇಪ್‌ರೆಕಾರ್ಡರು ಚೀಲದಲ್ಲಿತ್ತು. ನೇರ ಶಾಂತವ್ವನ ಮನೆಗೆ ಹೋದೆ. ಬಾಗಿಲ ಮೇಲೆ ಇನ್ನೂರ ಹದಿನಾಲ್ಕು ಹಾಗೇ ಇತ್ತು, ಬಣ್ಣ ಸ್ವಲ್ಪ ಮಾಸಿತ್ತು. ಸರ್ ತೀರಿಕೊಂಡದ್ದು ಆಕೆಗೆ ತಿಳಿದಿರಲಿಲ್ಲ. ಹೇಳಿದೆ. ಹೊಸಿಲ ಮೇಲೆಯೇ ಕೂತುಬಿಟ್ಟಳು.

“ಅವರೂ ಹೋದ್ರ? ನಮ್ಮವ್ವನ ದನಿ ಹುಡಕ್ತೇನಿ ಅಂದಿದ್ರಲ್ಲ.”

“ಹುಡುಕ್ಯಾರ. ಎರಡು ಉಳದಾವ. ನೀವು ಕೇಳಬೇಕಂತ ಅವರ ಆಸೆ ಇತ್ತು.”

ಈ ಸಲ ಆಕೆ ಬೇಡ ಅನ್ನಲಿಲ್ಲ. ಟೇಪ್‌ರೆಕಾರ್ಡರನ್ನು ಹೊಸಿಲ ಮೇಲೆ ಇಟ್ಟು ಒತ್ತಿದೆ. ಮೊದಲ ದನಿ ಬಂತು. ಹಿಂದೆ ಬೀಸುಕಲ್ಲಿನ ಗರಗರ. ಆ ಕಲ್ಲು ಈಗ ನೀರಿನಲ್ಲಿದೆಯೋ ಎಲ್ಲಿದೆಯೋ. ಆಕೆ ಕಣ್ಣು ಮುಚ್ಚಿ ಕೇಳಿದಳು. ಎರಡನೇ ದನಿ ಬಂತು. ಅದೇ ಪದ, ಅದೇ ಗರಗರ. ಮುಗಿದ ಮೇಲೆ, “ಇನ್ನೊಮ್ಮೆ ಹಚ್ಚು” ಅಂದಳು. ಹಚ್ಚಿದೆ. ಆಕೆಯ ಕೈ ತನ್ನಷ್ಟಕ್ಕೆ ನೆಲದ ಮೇಲೆ ಸುತ್ತು ತಿರುಗುತ್ತಿತ್ತು, ಯಾವ ದನಿಗೆ ಹೆಚ್ಚು ಯಾವುದಕ್ಕೆ ಕಡಿಮೆ ಎಂದು ಹೇಳಲಾಗದಂತೆ. ಕ್ಯಾಸೆಟ್ಟು ಓಡಿ ಓಡಿ ಖಾಲಿ ಸುಂಯ್ ಎನ್ನತೊಡಗಿದರೂ ನಾನು ನಿಲ್ಲಿಸಲಿಲ್ಲ.

ಆಕೆ ಕಣ್ಣು ತೆರೆದು ನನ್ನನ್ನೇ ನೋಡಿದಳು.

“ಸರ್ ಯಾವ್ದು ಅಂದಿದ್ರು, ತಂಗಿ?”